ಹೊಸ ಊರಿಗೆ ಹೊಂದಿಕೊಳ್ಳಲು 21 ದಿನ ಸಾಕೇ? ರೋಣ, ನರಗುಂದ, ಗಜೇಂದ್ರಗಡ ಬಿಟ್ಟು ಹೊರಟವರು ತಿಳಿಯಬೇಕಾದ ಸಂಗತಿಗಳು

ಸಾರಾಂಶ

‘21 ದಿನ ತಡ್ಕೊಳ್ಳಿ, ಹೊಸ ಊರು ತಾನಾಗಿ ಒಗ್ಗುತ್ತೆ’, ‘ಊರ ನೆನಪಾಗುವುದು ಮನಸ್ಸು ಗಟ್ಟಿ ಇಲ್ಲದವರಿಗೆ’, ‘ಬೆಂಗಳೂರಿನ ನೀರು ತಾಗಿದರೆ ಕೂದಲು ಉದುರುತ್ತೆ’, ‘ಊರಿನವರ ಜೊತೆಗೇ ಇದ್ದರೆ ಹೊಸ ಊರಿಗೆ ಹೊಂದಿಕೊಳ್ಳಲ್ಲ’. ಊರು ಬಿಟ್ಟು ಹೊರಟವರಿಗೆ ಇಂಥ ಮಾತುಗಳು ಬಾಯಿಂದಲೂ ಮೊಬೈಲಿನಿಂದಲೂ ಬರುತ್ತಲೇ ಇರುತ್ತವೆ. ಈ ನಾಲ್ಕನ್ನೂ ನಾವು ಪರಿಶೀಲಿಸಿದೆವು. ಮೊದಲೆರಡು ತಪ್ಪು, ಮೂರನೆಯದಕ್ಕೆ ಗಟ್ಟಿ ಆಧಾರವಿಲ್ಲ, ನಾಲ್ಕನೆಯದು ಅರ್ಧ ಸತ್ಯ. ಹೊಸ ಊರು ಒಗ್ಗುವುದು ಬರೀ ದಿನ ಎಣಿಸುವುದರಿಂದಲ್ಲ, ಅಲ್ಲಿನ ಜನರೊಂದಿಗೆ ಮತ್ತೆ ಮತ್ತೆ ಕಳೆದ ಹೊತ್ತಿನಿಂದ.

ಈ ವಿಷಯ ಯಾಕೆ?

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳಿಂದ ಓದಿಗೆ, ಕೆಲಸಕ್ಕೆ, ಮದುವೆಯಾಗಿ ಬೇರೆ ಊರಿಗೆ ಹೋಗುವುದು ಹೊಸದೇನಲ್ಲ. ಹುಬ್ಬಳ್ಳಿ, ಬೆಂಗಳೂರಿನ ಕಾಲೇಜು ಮತ್ತು ಕಂಪನಿಗಳಿಗೆ ಹೋಗುವವರಿದ್ದಾರೆ. ಮಳೆ ಕೈಕೊಟ್ಟ ವರ್ಷ ಮಂಗಳೂರು, ಗೋವಾದ ಕಟ್ಟಡ ಕೆಲಸಕ್ಕೆ ಸಂಸಾರ ಸಮೇತ ಹೊರಡುವವರಿದ್ದಾರೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸುಮಾರು 45 ಕೋಟಿ ಜನ ವಲಸೆ ಬಂದವರು. ಇವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಅವರ ವಲಸೆಗೆ ದೊಡ್ಡ ಕಾರಣ ಮದುವೆ. ಅಂದರೆ ‘ಇಲ್ಲಿ ಮನಸ್ಸ ಹತ್ತವಲ್ದು’ ಎಂದು ತವರಿಗೆ ಫೋನ್ ಮಾಡುವ ಹೊಸ ಸೊಸೆಯೂ, ಪಿ.ಜಿ. ಕೋಣೆಯಲ್ಲಿ ಒಬ್ಬಳೇ ಕೂತ ವಿದ್ಯಾರ್ಥಿನಿಯೂ ಎದುರಿಸುತ್ತಿರುವ ಪ್ರಶ್ನೆ ಒಂದೇ.

ಇದು ಬರೀ ಬೇಸರದ ಮಾತಲ್ಲ. ಒಂಟಿತನ ಮತ್ತು ಆರೋಗ್ಯದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರಲ್ಲಿ ವರದಿ ಕೊಟ್ಟಿತು. ಜಗತ್ತಿನ ಪ್ರತಿ 6 ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ ಎಂಬುದು ಅದರ ಅಂದಾಜು.

ಮಾತು 1: ‘21 ದಿನದಲ್ಲಿ ಎಲ್ಲ ಅಭ್ಯಾಸ ಆಗುತ್ತೆ’

ತಪ್ಪು. ಈ 21ರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆಯಾದವರಿಗೆ ತಮ್ಮ ಬದಲಾದ ಮುಖ ರೂಢಿಯಾಗಲು ‘ಕನಿಷ್ಠ’ 21 ದಿನ ಬೇಕಾಗುತ್ತದೆ ಎಂದು ಅವರು ತಮ್ಮ ಅನುಭವದಿಂದ ಬರೆದಿದ್ದರು. ಬಾಯಿಂದ ಬಾಯಿಗೆ ಬರುವಾಗ ‘ಕನಿಷ್ಠ’ ಎಂಬ ಮಾತು ಉದುರಿಹೋಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಹೊಸ ಅಭ್ಯಾಸ ಮೈಗೂಡಲು ಬೇಕಾದ ಸಮಯ ಸುಮಾರು 66 ದಿನ. ಆದರೆ ಒಬ್ಬೊಬ್ಬರಿಗೆ ಒಂದೊಂದು ರೀತಿ, 18 ದಿನದಿಂದ 254 ದಿನದವರೆಗೂ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದರೆ ಎಲ್ಲ ಕೆಡುವುದಿಲ್ಲ ಎಂಬುದೂ ಅದರಲ್ಲಿ ಕಂಡಿತು. ಇದು ಒಂದೇ ಒಂದು ಅಭ್ಯಾಸದ ಲೆಕ್ಕ. ಹೊಸ ಊರೆಂದರೆ ಬಸ್ಸು, ಊಟ, ಭಾಷೆ, ನೆರೆಹೊರೆ, ಕೆಲಸ ಎಂದು ಹತ್ತಾರು ಅಭ್ಯಾಸಗಳು ಒಟ್ಟಿಗೆ ಬದಲಾಗುವುದು.

ಮೊದಲು ಖುಷಿ, ಆಮೇಲೆ ಕುಸಿತ, ನಂತರ ಚೇತರಿಕೆ ಎಂಬ ಇನ್ನೊಂದು ಲೆಕ್ಕವೂ ಇದೆ. ಇದು 1955ರಲ್ಲಿ ನಾರ್ವೆಯ ಸ್ವೆರ್ರೆ ಲಿಸ್ಗಾರ್ಡ್ ಮಾಡಿದ ಅಧ್ಯಯನದಿಂದ ಬಂದದ್ದು. ಆದರೆ ನ್ಯೂಜಿಲೆಂಡಿಗೆ ಓದಲು ಬಂದ ಜಪಾನಿ ವಿದ್ಯಾರ್ಥಿಗಳನ್ನು ಕಾಲೀನ್ ವಾರ್ಡ್ ಮತ್ತು ಸಂಗಡಿಗರು ಗಮನಿಸಿದಾಗ ಬೇರೆಯೇ ಚಿತ್ರ ಸಿಕ್ಕಿತು: ಅತಿ ಕಷ್ಟದ ಕಾಲ ಬಂದಿಳಿದ ಮೊದಲ ದಿನಗಳೇ. ಹಾಗಾಗಿ ತಿಂಗಳಾದರೂ ಮನಸ್ಸು ಹತ್ತದಿದ್ದರೆ ‘ನನಗೇ ಏನೋ ಆಗಿದೆ’ ಎಂದುಕೊಳ್ಳಬೇಕಿಲ್ಲ.

ಮಾತು 2: ‘ಊರ ನೆನಪಾಗುವುದು ದುರ್ಬಲರಿಗೆ’

ತಪ್ಪು. 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಊರ ನೆನಪಿನ ಕೊರಗನ್ನು ಕಾಯಿಲೆ ಎಂದೇ ಕರೆದು, ಅದಕ್ಕೆ ‘ನಾಸ್ಟಾಲ್ಜಿಯಾ’ ಎಂಬ ಹೆಸರಿಟ್ಟ. ಮನೆಗೆ ಮರಳುವುದು ಮತ್ತು ನೋವು ಎಂಬ ಎರಡು ಗ್ರೀಕ್ ಪದ ಸೇರಿ ಆದ ಹೆಸರು ಅದು. ಪರದೇಶಗಳಲ್ಲಿ ದುಡಿಯುತ್ತಿದ್ದ ಗಟ್ಟಿಮುಟ್ಟಾದ ಸ್ವಿಸ್ ಸೈನಿಕರಲ್ಲೇ ಈ ಕೊರಗು ಹೆಚ್ಚು ಎಂದು ಆ ಕಾಲದ ವೈದ್ಯರು ನಂಬಿದ್ದರು.

ಇಂದು ಇದನ್ನು ಕಾಯಿಲೆ ಎನ್ನುವುದಿಲ್ಲ. ಪರಿಚಿತ ಜನ, ಜಾಗ, ರೂಢಿಯಿಂದ ದೂರವಾದಾಗ ಬಹುತೇಕ ಎಲ್ಲರಿಗೂ ಆಗುವ ಸಹಜ ಭಾವನೆ ಇದು. ಹೊಸ ಊರಿನಲ್ಲಿ ಖುಷಿ ಮತ್ತು ಹಳೆಯ ಊರಿನ ನೆನಪು ಎರಡೂ ಒಟ್ಟಿಗೇ ಇರಬಹುದು.

ಮಾತು 3: ‘ನೀರು ಬದಲಾದರೆ ಕೂದಲು ಉದುರುತ್ತೆ, ಹೊಟ್ಟೆ ಕೆಡುತ್ತೆ’

ಕೂದಲಿಗೆ ಗಟ್ಟಿ ಆಧಾರವಿಲ್ಲ, ಹೊಟ್ಟೆಗೆ ಕಾರಣ ಬೇರೆ. ಗಡಸು ನೀರಿನಿಂದ ಕೂದಲು ಒರಟಾಗಬಹುದು, ಸೋಪು ನೊರೆ ಬರದಿರಬಹುದು. ಆದರೆ ಅದರಿಂದ ಕೂದಲು ಬುಡಸಮೇತ ಉದುರುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಎರೆಭೂಮಿಯ ನಮ್ಮ ಭಾಗದ ಎಷ್ಟೋ ಕೊಳವೆಬಾವಿಗಳ ನೀರೂ ಗಡಸೇ. ಬೆಂಗಳೂರಿನಲ್ಲಿಯೂ ಕಾವೇರಿ ನೀರು ಬರುವ ಬಡಾವಣೆಗೂ ಬೋರ್‌ವೆಲ್, ಟ್ಯಾಂಕರ್ ನಂಬಿದ ಬಡಾವಣೆಗೂ ವ್ಯತ್ಯಾಸವಿದೆ.

ಹಾಗಾದರೆ ಊರು ಬದಲಿಸಿದ ಮೇಲೆ ಕೂದಲು ಉದುರುವುದೇಕೆ? ಜ್ವರ, ಮಾನಸಿಕ ಒತ್ತಡ, ತೂಕ ಇಳಿಯುವುದು, ಊಟದಲ್ಲಿ ಪ್ರೋಟೀನ್, ಕಬ್ಬಿಣದ ಅಂಶ ಕಡಿಮೆಯಾಗುವುದು ಇವುಗಳಿಂದ ಎರಡು, ಮೂರು ತಿಂಗಳ ನಂತರ ಕೂದಲು ಹೆಚ್ಚು ಉದುರಬಹುದು. ಹೊತ್ತಿಗೆ ಸರಿಯಾಗಿ ಊಟವಿಲ್ಲದೆ, ನಿದ್ದೆಯಿಲ್ಲದೆ ಕಳೆದ ಮೊದಲ ದಿನಗಳ ಫಲ ಆಗ ಕಾಣಿಸುತ್ತದೆ, ದೂರು ಮಾತ್ರ ನೀರಿನ ಮೇಲೆ ಬೀಳುತ್ತದೆ. ಇಂಥ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಕಡಿಮೆಯಾಗುತ್ತದೆ. ಆಗದಿದ್ದರೆ ಚರ್ಮವೈದ್ಯರನ್ನು ಕಾಣಿ.

ಹೊಟ್ಟೆ ಕೆಡಲು ಹೆಚ್ಚಿನ ಸಲ ಕಾರಣ ಕಲುಷಿತ ನೀರು, ಆಹಾರದಲ್ಲಿರುವ ರೋಗಾಣುಗಳು. ನೀರು ಕುದಿಸಿ ಕುಡಿಯಿರಿ. ಭೇದಿಯಾದರೆ ಪ್ಯಾಕೆಟ್ ಮೇಲೆ ಹೇಳಿದಷ್ಟು ನೀರಿಗೆ ಓಆರ್‌ಎಸ್ ಬೆರೆಸಿ ಕುಡಿಯಿರಿ. ಮಲದಲ್ಲಿ ರಕ್ತ, ಜ್ವರ, ಮೂತ್ರ ಕಡಿಮೆಯಾಗುವುದು ಕಂಡರೆ ಆಸ್ಪತ್ರೆಗೆ ಹೋಗಿ.

ನೀರಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಸೆಕೆಯ ಬಗ್ಗೆ. ಗಜೇಂದ್ರಗಡದ ಒಣ ಬಿಸಿಲಿನಲ್ಲಿ ಬೆವರು ಬೇಗ ಆರಿ ಮೈ ತಂಪಾಗುತ್ತದೆ. ಮಂಗಳೂರು, ಗೋವಾದ ತೇವದ ಗಾಳಿಯಲ್ಲಿ ಅದು ಆರುವುದಿಲ್ಲ, ಮೈಯ ಕಾವು ಇಳಿಯುವುದಿಲ್ಲ. ದೇಹ ಇದಕ್ಕೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್, ಸೆಕೆಯ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಮೊದಲ ದಿನ ಪೂರ್ತಿ ಕೆಲಸದ ಶೇ 20ರಷ್ಟು ಹೊತ್ತು ಮಾತ್ರ ಕೊಟ್ಟು, ಆಮೇಲೆ ದಿನಕ್ಕೆ ಶೇ 20ಕ್ಕಿಂತ ಹೆಚ್ಚು ಏರಿಸಬಾರದು ಎನ್ನುತ್ತದೆ. ‘ಹಳ್ಳಿಯ ಮೈ, ಬಿಸಿಲು ತಡೀತೈತಿ’ ಎಂದು ಮೊದಲ ದಿನವೇ ಇಡೀ ದಿನ ದುಡಿಯುವುದು ಜೀವಕ್ಕೇ ಅಪಾಯ. ತಲೆಸುತ್ತು, ವಾಂತಿ, ಮಾತು ತೊದಲುವುದು ಕಂಡರೆ ತಕ್ಷಣ ನೆರಳಿಗೆ ತಂದು, ಮೈಗೆ ನೀರು ಹಾಕಿ, 108ಕ್ಕೆ ಕರೆ ಮಾಡಿ.

ಮಾತು 4: ‘ಊರಿನವರ ಜೊತೆಗೇ ಇದ್ದರೆ, ಊರಿಗೆ ಫೋನ್ ಮಾಡುತ್ತಿದ್ದರೆ ಹೊಂದಿಕೊಳ್ಳಲ್ಲ’

ಅರ್ಧ ಸತ್ಯ. ಕೆನಡಾದ ಮನೋವಿಜ್ಞಾನಿ ಜಾನ್ ಬೆರ್ರಿ ವಲಸೆ ಹೋದವರ ಮುಂದೆ ನಾಲ್ಕು ದಾರಿ ಇವೆ ಎಂದರು: ಹಳೆಯದನ್ನು ಬಿಟ್ಟು ಹೊಸದರಲ್ಲಿ ಕರಗುವುದು, ಹೊಸದನ್ನು ದೂರವಿಟ್ಟು ಹಳೆಯದರಲ್ಲೇ ಇರುವುದು, ಎರಡನ್ನೂ ಬಿಡುವುದು, ಎರಡನ್ನೂ ಇಟ್ಟುಕೊಳ್ಳುವುದು. ದೇಶದಿಂದ ದೇಶಕ್ಕೆ ಹೋದವರ ಮೇಲೆ ನಡೆದ ಅನೇಕ ಅಧ್ಯಯನಗಳಲ್ಲಿ ಎರಡನ್ನೂ ಇಟ್ಟುಕೊಂಡವರು ಹೆಚ್ಚು ನೆಮ್ಮದಿಯಿಂದ ಇರುವುದು ಕಂಡಿದೆ. ಅದರಿಂದಲೇ ನೆಮ್ಮದಿ ಬಂತೋ, ನೆಮ್ಮದಿಯಾಗಿದ್ದವರೇ ಎರಡನ್ನೂ ಇಟ್ಟುಕೊಂಡರೋ ಎಂಬ ಚರ್ಚೆ ಮುಗಿದಿಲ್ಲ. ಆದರೆ ಹೊಂದಿಕೊಳ್ಳಲು ಊರನ್ನು ಮರೆಯಲೇಬೇಕು ಎನ್ನಲು ಆಧಾರವಿಲ್ಲ.

ಇದಕ್ಕೆ ರೋಣದಲ್ಲೇ ಒಂದು ದೊಡ್ಡ ಹೆಸರಿದೆ. 1922ರಲ್ಲಿ ರೋಣದಲ್ಲಿ ಹುಟ್ಟಿದ ಪಂಡಿತ ಭೀಮಸೇನ ಜೋಶಿ ಗುರುವನ್ನು ಹುಡುಕಿ ಮನೆ ಬಿಟ್ಟಾಗ ಅವರ ವಯಸ್ಸು 11. ಉತ್ತರ ಭಾರತ ಸುತ್ತಿ ಬಂದು, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು, ಕೊನೆಗೆ ಪುಣೆಯಲ್ಲಿ ನೆಲೆಸಿದರು. ಗುರುವಿನ ನೆನಪಿಗೆ 1953ರಿಂದ ಪುಣೆಯಲ್ಲಿ ಸಂಗೀತೋತ್ಸವ ನಡೆಸಿದರು. ಮರಾಠಿ ಅಭಂಗಗಳಿಂದ ಅಲ್ಲಿನವರ ಮನೆಮಾತಾದರು, ಕನ್ನಡದ ದಾಸರ ಪದಗಳನ್ನು ಬಿಡಲಿಲ್ಲ. ಒಬ್ಬರ ಬದುಕು ವೈಜ್ಞಾನಿಕ ಪುರಾವೆಯಾಗದು, ಆದರೆ ಎರಡೂ ಊರನ್ನು ಉಳಿಸಿಕೊಳ್ಳುವುದು ಹೇಗಿರುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

ಮಾತಿನ ಇನ್ನರ್ಧ ನಿಜ. ಕೆಲಸ ಮುಗಿದ ಮೇಲಿನ ಅಷ್ಟೂ ಹೊತ್ತು ಊರಿನ ಕರೆಗಳಲ್ಲೇ ಕಳೆದರೆ, ಹೊಸಬರ ಪರಿಚಯಕ್ಕೆ ಹೊತ್ತೇ ಉಳಿಯುವುದಿಲ್ಲ. ದಿನಕ್ಕೊಂದು ಹೊತ್ತು ಗೊತ್ತು ಮಾಡಿಕೊಂಡು ಮನೆಗೆ ಮಾತಾಡಿ, ಉಳಿದ ಹೊತ್ತನ್ನು ಇದ್ದ ಊರಿಗೆ ಕೊಡಿ.

ಸ್ನೇಹಕ್ಕೆ ಎಷ್ಟು ಗಂಟೆ ಬೇಕು?

ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಇದನ್ನೇ ಲೆಕ್ಕ ಹಾಕಿದರು. ಆರು ತಿಂಗಳೊಳಗೆ ಊರು ಬದಲಿಸಿದ 355 ಜನರನ್ನೂ, ಹೊಸದಾಗಿ ಕಾಲೇಜು ಸೇರಿದ 112 ವಿದ್ಯಾರ್ಥಿಗಳನ್ನೂ ಕೇಳಿದರು. ಪರಿಚಯ ಸ್ನೇಹಕ್ಕೆ ತಿರುಗಲು ಸುಮಾರು 50 ಗಂಟೆ, ಸ್ನೇಹ ಗಟ್ಟಿಯಾಗಲು 90 ಗಂಟೆ, ಆಪ್ತ ಸ್ನೇಹಕ್ಕೆ 200 ಗಂಟೆಗೂ ಹೆಚ್ಚು ಒಟ್ಟಿಗೆ ಕಳೆಯಬೇಕು ಎಂಬ ಅಂದಾಜು ಸಿಕ್ಕಿತು. ಬರೀ ಕೆಲಸದ ಜಾಗದಲ್ಲಿ ಜೊತೆಗಿದ್ದ ಗಂಟೆಗಳಿಗೆ ಅಷ್ಟು ಬೆಲೆಯಿಲ್ಲ, ಹರಟೆ, ಊಟ, ಆಟದ ಗಂಟೆಗಳಿಗೆ ಇದೆ.

ನಾವು ಲೆಕ್ಕ ಹಾಕಿ ನೋಡಿದೆವು. ವಾರಕ್ಕೊಮ್ಮೆ ಒಂದು ಗಂಟೆ ಸೇರಿದರೆ 50 ಗಂಟೆಗೆ ಸುಮಾರು ಒಂದು ವರ್ಷ ಬೇಕು. ದಿನಕ್ಕೆ ಅರ್ಧ ಗಂಟೆ ಚಹಾಕ್ಕೋ ಊಟಕ್ಕೋ ಜೊತೆಯಾದರೆ 100 ದಿನ ಸಾಕು. ‘ಮೂರು ತಿಂಗಳಾದರೂ ಒಬ್ಬರೂ ನನ್ನವರಿಲ್ಲ’ ಎನ್ನುವವರು ಈ ಲೆಕ್ಕ ನೋಡಿದರೆ ಕೊರತೆ ಎಲ್ಲಿದೆ ಎಂಬುದು ತಿಳಿಯುತ್ತದೆ.

ಆಪ್ತರಷ್ಟೇ ಅಲ್ಲ, ಮುಖಪರಿಚಯದವರೂ ಬೇಕು. ಕೆನಡಾದಲ್ಲಿ 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕಾಫಿ ಅಂಗಡಿಯವರೊಡನೆ ನಕ್ಕು ನಾಲ್ಕು ಮಾತಾಡಿದವರು, ಗಡಿಬಿಡಿಯಲ್ಲಿ ಕೊಂಡು ಹೋದವರಿಗಿಂತ ಹೆಚ್ಚು ಖುಷಿಯಾಗಿದ್ದರು. ಆದ್ದರಿಂದ:

- ದಿನವೂ ಒಂದೇ ಕಿರಾಣಿ ಅಂಗಡಿ, ಒಂದೇ ಚಹಾದಂಗಡಿಗೆ ಹೋಗಿ. ಮುಖ ಗುರುತಾಗಲಿ.
- ಹತ್ತಿರದ ಖಾನಾವಳಿ ಹುಡುಕಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಸಿಗುವ ಜಾಗದಲ್ಲಿ ಊರ ಕಡೆಯ ಮಂದಿಯೂ ಸಿಗುತ್ತಾರೆ.
- ಮಂಗಳೂರಿನಲ್ಲಿ ತುಳು, ಗೋವಾದಲ್ಲಿ ಕೊಂಕಣಿಯ ಹತ್ತು ಮಾತು ಕಲಿಯಿರಿ. ‘ಹೌದ್ರೀ’ ಬಿಡಬೇಕಿಲ್ಲ.
- ಊರಿಂದ ಬಂದ ರೊಟ್ಟಿ ಗಂಟನ್ನು ಕೋಣೆಯವರ ಜೊತೆ, ಪಕ್ಕದ ಮನೆಯವರ ಜೊತೆ ಹಂಚಿಕೊಳ್ಳಿ.

ಕಾಗದಪತ್ರ ಮರೆಯಬೇಡಿ

ಅರ್ಧ ಆತಂಕ ಇಲ್ಲಿಂದಲೇ ಬರುತ್ತದೆ. ‘ಒಂದು ದೇಶ ಒಂದು ಪಡಿತರ ಚೀಟಿ’ ಯೋಜನೆಯಡಿ ಅಂತ್ಯೋದಯ ಮತ್ತು ಆದ್ಯತಾ ಕುಟುಂಬಗಳು ಆಧಾರ್ ಜೋಡಣೆಯಾದ ಕಾರ್ಡಿನ ಪಾಲನ್ನು ಬೇರೆ ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲೂ ಪಡೆಯಬಹುದು. ಅಲ್ಲಿ ಸಿಗುವುದು ಕೇಂದ್ರದ ಆಹಾರ ಭದ್ರತಾ ಕಾಯ್ದೆಯ ಪಾಲು. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ತುಂಬಿ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ರಾಜ್ಯದೊಳಗೆ ಸಾಮಾನ್ಯ ಸರಕಾರಿ ಬಸ್ಸುಗಳ ಪ್ರಯಾಣ ಉಚಿತವಾಗಿರುವುದರಿಂದ ಹಬ್ಬಕ್ಕೆ ಊರಿಗೆ ಹೋಗಿಬರುವುದು ಹಗುರಾಗಿದೆ.

ಯಾವಾಗ ಸಹಾಯ ಕೇಳಬೇಕು?

ಊರ ನೆನಪು ಬಂದು ಹೋಗುತ್ತದೆ, ನಡುವೆ ನಗುವೂ ಇರುತ್ತದೆ. ಆದರೆ ಎರಡು ವಾರಕ್ಕೂ ಹೆಚ್ಚು ದಿನ, ದಿನದ ಬಹುಪಾಲು ಮನಸ್ಸು ಕುಗ್ಗಿದ್ದು, ನಿದ್ದೆ, ಊಟ, ಕೆಲಸ ಕೆಟ್ಟು, ಇಷ್ಟದ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅದು ಖಿನ್ನತೆ ಇರಬಹುದು. ಬದುಕು ಬೇಡವೆಂಬ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಅಂದೇ ಯಾರಿಗಾದರೂ ಹೇಳಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಇದೆ. ಒಗ್ಗದ ಊರನ್ನು, ಕಾಟ ಕೊಡುವ ಕೆಲಸವನ್ನು ಬಿಟ್ಟು ಮರಳುವುದೂ ಸೋಲಲ್ಲ.

ಕೊನೆಯದಾಗಿ

‘21 ದಿನ ತಡ್ಕೋ’ ಎಂಬ ಸಂದೇಶ ನಿಮಗೆ ಬಂದರೆ ಮುಂದೆ ಕಳಿಸುವ ಬದಲು, ಮೊನ್ನೆ ಮೊನ್ನೆ ಊರು ಬಿಟ್ಟುಹೋದ ನಿಮ್ಮ ಪರಿಚಿತರೊಬ್ಬರಿಗೆ ಕರೆ ಮಾಡಿ. ‘ಊಟ ಆತೇನು?’ ಎಂದು ಕೇಳಿ, ‘ಅಲ್ಲಿ ಯಾರ ಜೊತಿ ಕುಂತು ಉಂಡಿ?’ ಎಂದೂ ಕೇಳಿ. ಎರಡನೆಯ ಪ್ರಶ್ನೆಗೆ ಅವರ ಬಳಿ ಒಂದು ಹೆಸರಿದ್ದರೆ, ಹೊಸ ಊರು ಒಗ್ಗತೊಡಗಿದೆ ಎಂದೇ ಅರ್ಥ.