ಬಹುಲೋಹದ ಬೆರಕೆಯೂ ಯಂತ್ರದ ಭವಿಷ್ಯವಾಣಿಯೂ

ಕಾಣಿಯೂರಿನ ಆಸುಪಾಸಿನ ಮನೆಗಳಲ್ಲಿ ದೇವರ ಮುಂದೆ ಬಾರಿಸುವ ಗಂಟೆಯು ಕಂಚಿನದು. ಕಂಚೆಂದರೆ ತಾಮ್ರ ತವರಗಳ ಎರಕ. ತವರವು ನೂರಕ್ಕೆ 20ರ ಆಸುಪಾಸಿನಲ್ಲಿದ್ದರೆ ನಾದವು ಇಂಪಾಗಿರುವುದು. ಅದನ್ನು ಬಹಳ ಮೀರಿದರೆ ಗಂಟೆಯು ಪೆಟ್ಟಿಗೆ ಒಡೆದೀತು. ಬೇರೆ ಜೋಡಣೆಯ ಪರಮಾಣುಗಳುಳ್ಳ ಪೆಡಸಾದ ಭಾಗಗಳು ಒಳಗೆ ಹೆಚ್ಚುವುದೇ ಇದಕ್ಕೆ ಕಾರಣ. ಇಂತಹ ಒಂದೊಂದು ಜೋಡಣೆಯನ್ನು ಶಾಸ್ತ್ರಜ್ಞರು ಪ್ರಾವಸ್ಥೆಯೆಂದು ಕರೆಯುವರು. ಯಾವ ಬೆರಕೆಯಲ್ಲಿ ಯಾವ ಪ್ರಾವಸ್ಥೆಯು ಹುಟ್ಟುವುದೆಂದು ಎರಕಕ್ಕೆ ಮೊದಲೇ ಹೇಳಬಹುದೆ? ಈ ಪ್ರಶ್ನೆಯ ಚರಿತ್ರೆಯಲ್ಲಿ ಕನ್ನಡನಾಡಿಗೂ ಒಂದು ಸ್ಥಾನವುಂಟು.

ಒಂದು ಲೋಹವನ್ನು ಮುಖ್ಯವಾಗಿಟ್ಟು ಉಳಿದವನ್ನು ಸ್ವಲ್ಪಸ್ವಲ್ಪವಾಗಿ ಬೆರಸುವುದೇ ಲೋಹಕಾರರ ಹಳೆಯ ಪದ್ಧತಿ. 1981ರಲ್ಲಿ ಇಂಗ್ಲೆಂಡಿನ ಬ್ರಯನ್ ಕ್ಯಾಂಟರರೂ ಅವರ ವಿದ್ಯಾರ್ಥಿ ವಿನ್ಸೆಂಟರೂ ಇಪ್ಪತ್ತು ಧಾತುಗಳನ್ನು ಸಮಭಾಗವಾಗಿ ಕರಗಿಸಿ ನೋಡಿದರು. ದೊರೆತುದು ಹಲವು ಪ್ರಾವಸ್ಥೆಗಳ ಪೆಡಸು ಗಟ್ಟಿ. ಆದರೆ ಅದರೊಳಗೊಂದು ಪ್ರಾವಸ್ಥೆಯಲ್ಲಿ ಕ್ರೋಮಿಯಂ, ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕ್ಕಲುಗಳು ಒಟ್ಟಾಗಿದ್ದುವು. ಈ ಐದನ್ನೇ ಸಮನಾಗಿ ಕೂಡಿಸಲು ಒಂದೇ ಪ್ರಾವಸ್ಥೆಯ ಲೋಹವಾಯಿತು. ತೈವಾನಿನ ಯೇ ಎಂಬವರೂ 1995ರಿಂದ ಇದೇ ಹಾದಿಯನ್ನು ಹಿಡಿದಿದ್ದರು. ಇಬ್ಬರ ಲೇಖನಗಳೂ 2004ರಲ್ಲಿ ಬೆಳಕಿಗೆ ಬಂದುವು. ಅದಕ್ಕೂ ಮೊದಲೇ, 2003ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್ ಅವರು ಬೆಂಗಳೂರಿನ 'ಕರೆಂಟ್ ಸಯನ್ಸ್' ಪತ್ರಿಕೆಯಲ್ಲಿ ಈ ಬಹುಲೋಹಗಳ ವಿಚಾರವನ್ನು ಲೋಕಕ್ಕೆ ಪರಿಚಯಿಸಿದ್ದರು. ಪರಮಾಣುಗಳ ಕಲಬೆರಕೆಯ ಅಳತೆಗೆ ಎಂಟ್ರೊಪಿಯೆಂದು ಹೆಸರು. ಅದು ಇವುಗಳಲ್ಲಿ ಅಧಿಕವಾದುದರಿಂದ ಇವಕ್ಕೆ 'ಅಧಿಕ ಎಂಟ್ರೊಪಿಯ ಮಿಶ್ರಲೋಹ'ಗಳೆಂಬ ಹೆಸರು ಬಂದಿತು.

ಆದರೆ ನಲುವತ್ತು ಧಾತುಗಳಿಂದ ಐದೈದನ್ನು ಆರಿಸಿದರೆ, ಸಮಭಾಗದ ಬೆರಕೆಗಳೇ 6,58,008 ಆಗುವುವು. ಇಷ್ಟನ್ನೂ ಕುಲುಮೆಗೆ ಹಾಕುವವರಾರು? ಆದುದರಿಂದ ಗಣಕಯಂತ್ರಕ್ಕೆ ಹಿಂದಿನ ಪ್ರಯೋಗಗಳನ್ನು ಓದಿಸಿ, ಮುಂದಿನದನ್ನು ಊಹಿಸುವಂತೆ ಕಲಿಸಲಾಯಿತು. 2019ರಲ್ಲಿ ಹುವಾಂಗ್, ಮಾರ್ಟಿನ್, ಝುವಾಂಗ್ ಎಂಬವರು 401 ಮಿಶ್ರಲೋಹಗಳ ವಿವರವನ್ನು ಯಂತ್ರಕ್ಕೆ ಒದಗಿಸಿದರು. ಪರಮಾಣುಗಳ ಗಾತ್ರಭೇದ, ಬೆರೆಯುವಾಗಿನ ಶಾಖ, ಇಲೆಕ್ಟ್ರಾನುಗಳ ಎಣಿಕೆ ಮೊದಲಾದವೇ ಅದಕ್ಕೆ ಪಾಠ. ಮೂರು ವಿಧಾನಗಳಲ್ಲಿ ನರಜಾಲವನ್ನು ಅನುಕರಿಸುವ ವಿಧಾನವು ಮೇಲಾಯಿತು. ಅದರ ಊಹೆಯು ನೂರಕ್ಕೆ 74.3ರಷ್ಟು ಸರಿಯಾಯಿತು. ಅಂದರೆ ಸುಮಾರು ನಾಲ್ಕರಲ್ಲೊಂದು ತಪ್ಪು.

ತಪ್ಪೆಲ್ಲವೂ ಯಂತ್ರದ್ದೆನ್ನಲಾಗದು. ಕ್ಯಾಂಟರರ ಲೋಹವು ಏಕಪ್ರಾವಸ್ಥೆಯದೆಂದೇ ಬಹುಕಾಲ ಪ್ರಸಿದ್ಧವಾಗಿದ್ದಿತು. ಅದನ್ನು 500 ದಿನಗಳ ಕಾಲ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟಾಗ ಬೇರೊಂದು ಪ್ರಾವಸ್ಥೆಯು ಹೊರಬಿದ್ದಿತೆಂದು 2016ರಲ್ಲಿ ಪ್ರಕಟವಾಯಿತು. ಒಂದೇ ಬೆರಕೆ, ಕಾದ ಬಗೆಯಂತೆ ಬೇರೆ ಫಲ. ಎಷ್ಟು ಶಾಖದಲ್ಲಿ, ಎಷ್ಟು ಹೊತ್ತು ಎಂಬುದನ್ನು ಬರೆದಿಡದೆ ಫಲವನ್ನು ಮಾತ್ರ ಬರೆದಿಟ್ಟರೆ, ಶಿಷ್ಯನಾದ ಯಂತ್ರವು ಗುರುವಿನ ಮರೆವನ್ನೇ ವಿದ್ಯೆಯೆಂದು ಕಲಿಯುವುದು.

ಒಡೆದುಹೋದ ಎರಕವನ್ನು ಮತ್ತೆ ಕುಲುಮೆಗೆ ಹಾಕುವುದು ಕಂಚುಗಾರನಿಗೆ ಸಹಜ. ಅದು ಏಕೆ ಒಡೆಯಿತೆಂಬುದನ್ನು ಬರೆದಿಡುವುದು ವಿದ್ಯಾವಂತರ ಕರ್ತವ್ಯ. ಗೆದ್ದ ಪ್ರಯೋಗಗಳೊಡನೆ ಸೋತವನ್ನೂ ಉಳಿಸಿಕೊಂಡ ಚರಿತ್ರೆಯೇ ನಾಳಿನ ಲೋಹಕ್ಕೆ ನಿಜವಾದ ಮೂಸೆ.