ಒಂದೇ ಎಂಜಿನ್, ಎರಡು ಬಗೆಯ ಬಲ

1955ರಲ್ಲಿ ಬ್ರಿಟನ್ನಿನಲ್ಲಿ ಎಂಜಿಎ ಎಂಬ ಸ್ಪೋರ್ಟ್ಸ್ ಕಾರು ಹೊರಬಂದಿತು. ಅದರ 1489 ಸಿ.ಸಿ. ಎಂಜಿನ್ನಿನ ಬಲ 68 ಅಶ್ವಶಕ್ತಿ. 1959ರಲ್ಲಿ ನಮ್ಮ ಅಂಬಾಸಡರ್‌ಗೆ ಬಂದದ್ದೂ ಅದೇ ಬಿಎಂಸಿ ಕಂಪೆನಿಯ ‘ಬಿ’ ಸರಣಿಯ, ಅಷ್ಟೇ ಗಾತ್ರದ ಎಂಜಿನ್. ಆದರೆ ಅದರ ಅಶ್ವಶಕ್ತಿ 55ನ್ನು ದಾಟಲಿಲ್ಲ. ಒಂದೇ ವಂಶದ ಎಂಜಿನ್ನುಗಳಲ್ಲಿ ಇಷ್ಟು ಅಂತರವೇಕೆ?

ಸಿ.ಸಿ. ಎಂದರೆ ಸಿಲಿಂಡರುಗಳಲ್ಲಿ ಪಿಸ್ಟನ್ನುಗಳು ಓಡಾಡುವ ಜಾಗದ ಅಳತೆ. ಒಂದು ಸಲಕ್ಕೆ ಎಷ್ಟು ಗಾಳಿ, ಪೆಟ್ರೋಲು ಉರಿದೀತೆಂಬುದು ಬಹುಮಟ್ಟಿಗೆ ಅದನ್ನು ಅವಲಂಬಿಸಿದೆ. ಉರಿದ ಅನಿಲ ಪಿಸ್ಟನ್ನನ್ನು ತಳ್ಳಿದಾಗ ಹುಟ್ಟುವ ತಿರುಗಿಸುವ ಬಲವೇ ಟಾರ್ಕ್. ಅದರೊಡನೆ ವೇಗವೂ ಸೇರಿದರೆ ಅಶ್ವಶಕ್ತಿ. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ವಾಟ್ ಕುದುರೆಯ ದುಡಿಮೆಯನ್ನು ಲೆಕ್ಕ ಹಾಕಿದಾಗ ಭಾರದ ಜೊತೆಗೆ ಸಮಯವನ್ನೂ ಹಿಡಿದಿದ್ದ: 33,000 ಪೌಂಡು ಭಾರವನ್ನು ನಿಮಿಷದಲ್ಲಿ ಒಂದಡಿ ಎತ್ತಿದರೆ ಒಂದು ಅಶ್ವಶಕ್ತಿ.

ಎಂಜಿಎಗೆ ಎರಡು ಕಾರ್ಬುರೇಟರುಗಳಿದ್ದವು; ಸಿಲಿಂಡರಿನೊಳಗೆ ಮಿಶ್ರಣದ ಒತ್ತಡವೂ ಹೆಚ್ಚು. ನಿಮಿಷಕ್ಕೆ 5500 ಸುತ್ತು ತಿರುಗುವಾಗಲೂ ಅದಕ್ಕೆ ಉಸಿರಾಡಲು ಸಾಕಷ್ಟು ಗಾಳಿ ಸಿಗುತ್ತಿತ್ತು. ಅಂಬಾಸಡರ್‌ಗೆ ಇದ್ದದ್ದು ಒಂದೇ ಕಾರ್ಬುರೇಟರ್. ಅದು ಹೆಚ್ಚು ಸುತ್ತು ತಿರುಗಲಾರದು. ಆದರೆ ಕಡಿಮೆ ಸುತ್ತಿನಲ್ಲೇ ತನ್ನ ಎಳೆತವನ್ನೆಲ್ಲ ಕೊಡುತ್ತಿತ್ತು. ಮನೆಮಂದಿಯನ್ನೆಲ್ಲ ತುಂಬಿಕೊಂಡು, ಮೇಲೆ ಟ್ರಂಕು ಹೇರಿಕೊಂಡು ಘಾಟಿ ಹತ್ತುವ ಗಾಡಿಗೆ ಬೇಕಾದದ್ದು ಈ ಗುಣವೇ.

ಹಾಗಾಗಿ 68 ದೊಡ್ಡದು, 55 ಚಿಕ್ಕದು ಎಂದು ಎಂಜಿನ್ನಿನ ಯೋಗ್ಯತೆಯನ್ನು ತೂಗುವುದು ತಪ್ಪು. 2014ರಲ್ಲಿ ಅಂಬಾಸಡರ್ ತಯಾರಿಕೆ ನಿಂತಿತು. ಆದರೆ ಕಾರು ಕೊಳ್ಳುವವರು ಅಶ್ವಶಕ್ತಿಯ ಜೊತೆಗೆ ಅದು ಎಷ್ಟು ಸುತ್ತಿನಲ್ಲಿ ಸಿಗುತ್ತದೆಂದು ಕೇಳುವುದು ಇಂದಿಗೂ ಒಳ್ಳೆಯದು.