ಇಡಗುಂಜಿ ಮೇಳವೂ ವೇಷಧಾರಿಯ ವೃತ್ತಿಜೀವನವೂ

ಬಯಲಾಟವನ್ನು ಆಡುವವನಿಗೂ ಚೆಂಡಾಟವನ್ನು ಆಡುವವನಿಗೂ ಕನ್ನಡದಲ್ಲಿ ಕ್ರಿಯಾಪದವು ಒಂದೇ. ಕರಾವಳಿಯ ಜನರು ಯಕ್ಷಗಾನವನ್ನು ‘ಆಟ’ವೆಂದೇ ಕರೆಯುವರು, ‘ಈ ರಾತ್ರಿ ಆಟ ಉಂಟು’ ಎಂದರೆ ಅಲ್ಲಿ ಬೇರೊಂದು ಅರ್ಥಕ್ಕೆ ಅವಕಾಶವಿಲ್ಲ. ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ದೇವತೆಗಳು ಬ್ರಹ್ಮನಲ್ಲಿ ಬೇಡಿಕೊಂಡುದೂ ‘ಕ್ರೀಡನೀಯಕ’ವನ್ನೇ ಆದುದರಿಂದ, ಈ ಹೆಸರನ್ನು ಗ್ರಾಮ್ಯವೆಂದು ತಳ್ಳಿಬಿಡುವಂತಿಲ್ಲ. ಆದರೆ ಆಟದ ಚರಿತ್ರೆಯನ್ನು ಶೋಧಿಸಿದವರು ಬಹುಮಟ್ಟಿಗೆ ಪ್ರಸಂಗಕರ್ತರ ಕಾಲದೇಶಗಳನ್ನೂ, ‘ಯಕ್ಷಗಾನ’ ಶಬ್ದದ ಪ್ರಾಚೀನತೆಯನ್ನೂ, ತಿಟ್ಟುಗಳ ಭೇದವನ್ನೂ ವಿಚಾರಿಸಿರುವರು. ಸಂಬಳಕ್ಕೆ ನಿಂತು, ಆರೇಳು ತಿಂಗಳು ಊರೂರು ಅಲೆದು, ಮಳೆಗಾಲಕ್ಕೆ ಮನೆ ಸೇರುವ ವೇಷಧಾರಿಯ ಬದುಕು ಆ ವಿಚಾರಗಳ ಅಂಚಿನಲ್ಲಿಯೇ ಉಳಿದಿದೆ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ವು 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆದ ಮೇಲೆ ಕಲೆಗೆ ವಿದ್ವಾಂಸರ ಮನ್ನಣೆ ದೊರೆಯಿತು. ಕಲೆಗೆ ಸಂದ ಮನ್ನಣೆಯು ಅದರಿಂದ ಹೊಟ್ಟೆ ಹೊರೆಯುವವನ ವೃತ್ತಿಗೂ ಸಂದಿತೆಂದು ಹೇಳಲಾಗದು.

ಈ ವೃತ್ತಿಯ ಸ್ವರೂಪವನ್ನು ತಿಳಿಯುವುದಕ್ಕೆ ಹೊನ್ನಾವರ ಸೀಮೆಯ ಇಡಗುಂಜಿ ಮೇಳವು ಉತ್ತಮವಾದ ನಿದರ್ಶನ. ಶರಾವತಿಯ ಎಡದಂಡೆಯ ಕುಂಜವಾದುದರಿಂದ ಸ್ಥಳಕ್ಕೆ ಈ ಹೆಸರಾಯಿತೆಂದು ನಿರ್ವಚನವನ್ನು ಹೇಳುವುದುಂಟು. ನದಿಯು ಪಶ್ಚಿಮಾಭಿಮುಖವಾಗಿ ಹರಿಯುವುದರಿಂದ ದಕ್ಷಿಣದ ದಂಡೆಯೇ ಎಡದಂಡೆಯಾಗುವುದು, ಇಡಗುಂಜಿಯು ಇರುವುದೂ ಅಲ್ಲಿಯೇ. ಅಲ್ಲಿಯ ಮಹಾಗಣಪತಿಯು ದ್ವಿಭುಜನು, ನಿಂತ ಭಂಗಿಯವನು. ಆ ದೇವರ ಹೆಸರಿನಿಂದ ಕೆರೆಮನೆ ಶಿವರಾಮ ಹೆಗಡೆಯವರು (1908–1992) 1934ರಲ್ಲಿ ಮೇಳವನ್ನು ಕಟ್ಟಿದರು. ದಕ್ಷಿಣದ ಮಂದಾರ್ತಿ, ಕಟೀಲು ಮುಂತಾದ ಕ್ಷೇತ್ರಗಳ ಮೇಳಗಳಿಗೂ ಇದಕ್ಕೂ ಒಂದು ಅಂತರವಿದೆ. ಆ ಮೇಳಗಳಿಗೆ ಭಕ್ತರ ಹರಕೆಯೇ ಆಧಾರ. ಆಡಿಸುವವನು ಮೊದಲೇ ಗೊತ್ತಾಗಿರುವನು. ಕೆರೆಮನೆಯ ಮೇಳವಾದರೋ ದೇವರ ಹೆಸರನ್ನು ಹೊತ್ತಿದ್ದರೂ ಒಂದು ಮನೆತನದ ಹೊಣೆ. ಆಟ ನಡೆಯದ ರಾತ್ರಿಯ ನಷ್ಟವು ಯಜಮಾನನ ತಲೆಗೆ, ಆ ಮೂಲಕ ವೇಷಧಾರಿಯ ಸಂಬಳಕ್ಕೆ ತಗಲತಕ್ಕುದು.

ವೇಷಧಾರಿಯ ವೃತ್ತಿಯು ಚೌಕಿಯಲ್ಲಿ ಆರಂಭವಾಗುತ್ತದೆ. ಹುಡುಗನು ಮೊದಲು ಕೋಡಂಗಿಯಾಗಿ ರಂಗಸ್ಥಳವನ್ನು ಮೆಟ್ಟುವನು. ಆಗ ಪ್ರೇಕ್ಷಕರು ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವರು. ಅವನ ಕುಣಿತವನ್ನು ನೋಡುವವರು ಕಡಮೆ. ಇದೇ ಅದರ ಪ್ರಯೋಜನವೆಂದು ತೋರುತ್ತದೆ, ಏಕೆಂದರೆ ತಾಳ ತಪ್ಪಿದರೆ ಅವಮಾನವೂ ಅಷ್ಟರಮಟ್ಟಿಗೆ ಕಡಮೆ. ಅಲ್ಲಿಂದ ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ, ಒಡ್ಡೋಲಗದ ಸಾಲಿನ ಕಿರಿಯ ವೇಷಗಳು, ಪುರುಷವೇಷ ಎಂದು ಮೆಟ್ಟಿಲುಗಳು ಏರುತ್ತ ಹೋಗಿ ಎರಡನೆಯ ವೇಷದಲ್ಲಿ ಮುಗಿಯುತ್ತವೆ. ‘ಎರಡನೆಯ’ದೆಂಬ ಹೆಸರನ್ನು ಕೇಳಿ ಹೊರಗಿನವರು ಅದನ್ನು ಗೌಣವೆಂದು ಭಾವಿಸುವುದುಂಟು. ಅದು ಹಾಗಲ್ಲ, ಭಾಗವತನು ಮೇಳದ ಮೊದಲನೆಯ ವೇಷಧಾರಿಯೆಂಬ ಭಾವನೆಯಿಂದ, ಮುಖ್ಯ ನಾಯಕ ಪಾತ್ರವನ್ನು ಧರಿಸುವವನಿಗೆ ಆ ಹೆಸರು ಬಂದಿದೆ. ಚೌಕಿಯಲ್ಲಿ ಕುಳಿತುಕೊಳ್ಳುವ ಸ್ಥಾನವೂ ಈ ಕ್ರಮಕ್ಕೆ ಅನುಗುಣವಾದುದು. ಬಹು ಮಂದಿ ವೇಷಧಾರಿಗಳು ನಡುವಣ ಮೆಟ್ಟಿಲಿನಲ್ಲಿಯೇ ಮುಪ್ಪಾದರು. ಮೇಲಿನವನು ಜ್ವರದಿಂದ ಮಲಗಿದ ರಾತ್ರಿ ಅವರಿಗೆ ಅರ್ಜುನನೋ ಕರ್ಣನೋ ದೊರೆಯುತ್ತಿದ್ದನು. ಮರುದಿನ ಮತ್ತೆ ದೂತನೇ ಗತಿ.

ದೀಪಾವಳಿಯ ತರುವಾಯ ಗೆಜ್ಜೆ ಕಟ್ಟಿ ಹೊರಟ ಮೇಳವು ಮುಂಗಾರಿನ ಮೋಡ ಕಟ್ಟುವಷ್ಟರಲ್ಲಿ ಗೆಜ್ಜೆ ಬಿಚ್ಚುವುದು. ಅಷ್ಟು ಕಾಲಕ್ಕೆ ಒಂದು ಒಪ್ಪಂದ. ಯಜಮಾನನು ಮಳೆಗಾಲದಲ್ಲಿಯೇ ಮುಂಗಡವನ್ನು ಕೊಟ್ಟು ವೇಷಧಾರಿಯನ್ನು ಗೊತ್ತುಮಾಡಿಕೊಳ್ಳುವನು. ಆ ಮುಂಗಡವು ಅಕ್ಕಿಗೂ ಮದುವೆಗೂ ವೆಚ್ಚವಾಗಿ, ಆತನು ತಿರುಗಾಟ ಹೊರಡುವ ಮೊದಲೇ ಸಾಲಗಾರನಾಗಿರುವನು. ಉತ್ತರ ಅಮೆರಿಕದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಆಡುವ ಹಾಕಿಯ ವೃತ್ತಿಗಾರರ ಬದುಕು ಇದಕ್ಕೆ ಬಹಳ ಸಮೀಪವಾದುದು. ಅಲ್ಲಿ 1917ರಲ್ಲಿ ಸ್ಥಾಪಿತವಾದ ನ್ಯಾಷನಲ್ ಹಾಕಿ ಲೀಗು ಮೇಲ್ಮೆಟ್ಟಿಲು. 1936ರಲ್ಲಿ, ಎಂದರೆ ಇಡಗುಂಜಿ ಮೇಳಕ್ಕೆ ಎರಡು ವರ್ಷಗಳ ತರುವಾಯ, ಮೊದಲಾದ ಅಮೆರಿಕನ್ ಹಾಕಿ ಲೀಗು ಅದರ ಕೆಳಗಿನದು. ಕೆಳಮೆಟ್ಟಿಲಿನ ಆಟಗಾರನೂ ಋತುವಿನ ಕರಾರಿಗೆ ದುಡಿದು, ಬಸ್ಸಿನಲ್ಲಿ ಊರೂರು ತಿರುಗಿ, ಮೇಲಿನವನು ಗಾಯಗೊಂಡಾಗ ತನಗೆ ಕರೆ ಬಂದೀತೆಂದು ಕಾಯುವನು. ಭೇದವಿಷ್ಟೆ: ಅಲ್ಲಿಯ ಕರಾರು ಲಿಖಿತವಾದುದು, ತಂಡವು ಆಟಗಾರನನ್ನು ಮತ್ತೊಂದು ತಂಡಕ್ಕೆ ಕೊಟ್ಟುಬಿಡಬಹುದು. ಇಲ್ಲಿ ಬಾಯ್ಮಾತೇ ಪತ್ರ. ಮುಂಗಡ ತೀರಿದರೆ ವೇಷಧಾರಿಯು ತಾನಾಗಿ ಮೇಳವನ್ನು ಬದಲಾಯಿಸಬಹುದು.

ಗೆಲುವುಸೋಲುಗಳೂ ಈ ಆಟಕ್ಕೆ ಹೊರತಲ್ಲವೆಂಬುದಕ್ಕೆ ಜೋಡಾಟವೇ ಸಾಕ್ಷಿ. ಒಂದೇ ಬಯಲಿನಲ್ಲಿ ಎರಡು ರಂಗಸ್ಥಳಗಳನ್ನು ಅಕ್ಕಪಕ್ಕದಲ್ಲಿ ಕಟ್ಟಿ, ಎರಡು ಮೇಳಗಳು ಒಂದೇ ಪ್ರಸಂಗವನ್ನು ಏಕಕಾಲದಲ್ಲಿ ಆಡುವವು. ಈಚೆಯ ಅಭಿಮನ್ಯು ರಂಗಕ್ಕೆ ಬಂದಾಗ ಆಚೆಯ ಅಭಿಮನ್ಯುವೂ ಬರಬೇಕು. ಜನರು ಎದ್ದು ಯಾವ ಕಡೆಗೆ ಸರಿಯುವರೋ ಆ ಕಡೆಗೆ ಜಯ. ಎರಡು ಚಂಡೆಗಳ ಅಬ್ಬರದಲ್ಲಿ ಮಾತು ಯಾರಿಗೂ ಕೇಳಿಸದು. ಆದಕಾರಣ ಅರ್ಥಗಾರಿಕೆಯಲ್ಲಿ ನಿಪುಣನಾದವನು ಅಲ್ಲಿ ಹಿಂದೆಬೀಳುವನು, ಬಿಡುವಿಲ್ಲದೆ ಸುತ್ತು ಹಾಕುವ ಕಸುವುಳ್ಳ ತರುಣನು ಮುಂದಾಗುವನು. ಇದರಿಂದ ಕಲೆಗೆ ಹಾನಿಯಾಯಿತೆಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಮೂರನೆಯ ಮೆಟ್ಟಿಲಿನ ಹುಡುಗನಿಗೆ ಹೆಸರು ತಂದುಕೊಳ್ಳುವುದಕ್ಕೆ ಜೋಡಾಟದಂತಹ ರಾತ್ರಿ ಬೇರೊಂದಿರಲಿಲ್ಲವೆಂಬುದನ್ನೂ ಆಕ್ಷೇಪಿಸುವವರು ನೆನೆಯಬೇಕು. ಮಂಡಿಯೂರಿ ತಿರುಗುವ ಕಾಲು ನಲವತ್ತು ದಾಟಿದ ಮೇಲೆ ಸುಮ್ಮನಿರುವುದಿಲ್ಲ. ದೇಹದ ಬಂಡವಾಳವು ಕರಗುವುದರೊಳಗೆ ಮಾತಿನ ಬಂಡವಾಳವನ್ನು ಕೂಡಿಸದವನ ಮುಪ್ಪು ಕಷ್ಟದ್ದು.

ಕೆರೆಮನೆಯವರು ಹೆಚ್ಚಾಗಿ ಆಶ್ರಯಿಸಿದುದು ಈ ಎರಡನೆಯ ಬಂಡವಾಳವನ್ನೇ. ಶಿವರಾಮ ಹೆಗಡೆಯವರ ಕೌರವನು ಪ್ರಸಿದ್ಧನಾದುದು ಭಾವದ ಗಾಂಭೀರ್ಯದಿಂದ, ಮಿತವಾದ ಮಾತಿನಿಂದ. ಅವರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರವೂ ಬಂದಿತು. ಮಕ್ಕಳಾದ ಶಂಭು ಹೆಗಡೆ, ಗಜಾನನ ಹೆಗಡೆ, ಬಂಧುಗಳಾದ ಮಹಾಬಲ ಹೆಗಡೆ ಇವರು ಅದೇ ಮೇಳದಲ್ಲಿ ಪಳಗಿದರು. ಗಜಾನನ ಹೆಗಡೆಯವರಿಗೆ ಸ್ತ್ರೀವೇಷದಲ್ಲಿ ವಿಶೇಷ ಖ್ಯಾತಿ. ಯಜಮಾನನೇ ವೇಷಧಾರಿಯಾದುದರಿಂದ, ಬಣ್ಣ ಹಚ್ಚುವ ಕೈಯೇ ಸಂಬಳವನ್ನೂ ಎಣಿಸಬೇಕಾಗಿತ್ತು. ಈ ಎರಡು ಕೆಲಸಗಳು ಒಂದಕ್ಕೊಂದು ವಿರೋಧಿಗಳು. ಡೇರೆಯ ಕಾಲದಲ್ಲಿ ಈ ಇಕ್ಕಟ್ಟು ಹೆಚ್ಚಿತು: ಟಿಕೆಟು ಕೊಂಡು ಒಳಗೆ ಬಂದವನು ಹರಕೆಯ ಆಟಕ್ಕೆ ಬಂದವನಂತೆ ಕೈಮುಗಿದು ಕೂರುವವನಲ್ಲ.

ಶಂಭು ಹೆಗಡೆಯವರು (1938–2009) ದಿಲ್ಲಿಗೆ ಹೋಗಿ ಮಾಯಾ ರಾವ್ ಅವರಲ್ಲಿ ನೃತ್ಯಸಂಯೋಜನೆಯನ್ನು ಅಭ್ಯಾಸಮಾಡಿ ಮರಳಿದವರು. ಉಡುಪಿಯಲ್ಲಿ 1971ರಷ್ಟು ಹಿಂದೆಯೇ ಯಕ್ಷಗಾನ ಕೇಂದ್ರವು ಆರಂಭವಾಗಿದ್ದಿತು. ಉತ್ತರದಲ್ಲಿ ಅಂತಹದೊಂದು ಬೇಕೆಂದು ಅವರು 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರವನ್ನು ತೆರೆದರು. ವೃತ್ತಿಯ ದೃಷ್ಟಿಯಿಂದ ಇದು ದೊಡ್ಡ ಪರಿವರ್ತನೆ. ಅದಕ್ಕೆ ಮುಂಚೆ ಕಲಿಯುವವನು ಮೇಳದ ಪೆಟ್ಟಿಗೆಗಳೊಡನೆ ಅಲೆದು, ಹಿರಿಯರ ಬೈಗಳನ್ನು ತಿಂದು, ಕೋಡಂಗಿಯ ಮೂಲಕವೇ ಒಳಹೊಗಬೇಕಾಗಿತ್ತು. ಶಾಲೆಯು ಆ ಕೆಳಗಿನ ಮೆಟ್ಟಿಲುಗಳನ್ನು ಮೇಳದಿಂದ ಹೊರತಂದಿತು. ಅದರಿಂದ ಹುಡುಗನಿಗೆ ಕ್ರಮವಾದ ಪಾಠ ದೊರೆಯಿತು. ನಿದ್ದೆಗೆಟ್ಟು ಕಲಿಯುತ್ತಿದ್ದ ಸಮಯಸ್ಫೂರ್ತಿಯು ಶಾಲೆಯಲ್ಲಿ ಅಷ್ಟು ಸುಲಭವಾಗಿ ಬಾರದೆಂಬ ಮಾತೂ ಸುಳ್ಳಲ್ಲ.

2009ರ ಫೆಬ್ರವರಿಯಲ್ಲಿ ಇಡಗುಂಜಿಯ ರಥೋತ್ಸವದ ಸಂದರ್ಭದಲ್ಲಿ ನಡೆದ ಆಟದಲ್ಲಿ ಶಂಭು ಹೆಗಡೆಯವರು ರಾಮನ ವೇಷವನ್ನು ಧರಿಸಿದ್ದರು. ಆಟದ ನಡುವೆ ಅಸ್ವಸ್ಥರಾಗಿ ತೀರಿಕೊಂಡರು. ಆಗ ಅವರಿಗೆ ಎಪ್ಪತ್ತರ ವಯಸ್ಸು. ಮಹಾಬಲ ಹೆಗಡೆಯವರೂ ಅದೇ ವರ್ಷ ಗತಿಸಿದರು. ಮೇಳದ ಹೊಣೆಯನ್ನು ಶಂಭು ಹೆಗಡೆಯವರ ಮಗ ಶಿವಾನಂದ ಹೆಗಡೆಯವರು ವಹಿಸಿಕೊಂಡರು. ಚೌಕಿಯ ನಡುವಣ ಸ್ಥಾನಗಳಲ್ಲಿ ಕುಳಿತು ಆ ಮೇಳದ ಸಾವಿರಾರು ರಾತ್ರಿಗಳನ್ನು ಸಾಗಿಸಿದವರ ಹೆಸರುಗಳು ಆಟದ ಕರಪತ್ರಗಳಲ್ಲಿ, ಸಣ್ಣ ಅಕ್ಷರದ ಸಾಲುಗಳಲ್ಲಿ ಇವೆ.